ಎಂಟು ವಾರದ ಸೇಡು

ಕಾರಿನ ಬಾಗಿಲು ತೆರೆದುಕೊಂಡಿದ್ದಷ್ಟೇ ನಾಗರತ್ನಾಳ ಕಣ್ಣಿಗೆ ಬಿತ್ತು.

ಮರುಕ್ಷಣ ಸ್ಕೂಟಿ ಒಂದು ಕಡೆ, ಅವಳು ಒಂದು ಕಡೆ! ಹಳೇ ಮದ್ರಾಸ್ ರಸ್ತೆಯ ಬಿಸಿ ಡಾಂಬರು ಕೆನ್ನೆಗೆ ತಾಗಿತು. ಬಲಭುಜದ ಹತ್ತಿರ ಒಣಕಡ್ಡಿ ಮುರಿದಂಥ ಸಣ್ಣ ಸದ್ದು. ಸುತ್ತ ಕೆ.ಆರ್. ಪುರದ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಆ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಅಯ್ಯೋ ದೇವ್ರೇ... ಮೇಡಂ! ಅಲ್ಲಾಡ್ಬೇಡಿ, ಹಾಗೇ ಇರಿ!"

ಬಾಗಿಲು ತೆರೆದವನೇ ಪಕ್ಕದಲ್ಲಿ ಮಂಡಿಯೂರಿದ್ದ. ಮೂವತ್ತರ ಆಸುಪಾಸಿನ ಕ್ಯಾಬ್ ಡ್ರೈವರ್. ಮುಖ ಬಿಳಿಚಿಕೊಂಡಿತ್ತು.

"ಹಿಂದೆ ನೋಡಿ ಬಾಗಿಲು ತೆಗೀಬೇಕು ಅಂತ ಗೊತ್ತಿಲ್ವಾ ನಿಂಗೆ?"

"ನೋಡ್ಲಿಲ್ಲ ಮೇಡಂ. ತಪ್ಪು ನಂದೇ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ. ಬಲಗೈ ಎತ್ತಲು ಹೋದಳು... ಕೈ ಏಳಲಿಲ್ಲ! ಕಣ್ಣಿಗೆ ಕತ್ತಲೆ ಕವಿಯುವಂಥ ನೋವು. ಆದರೂ ಬಿಡಲಿಲ್ಲ. ಎಡಗೈಯಿಂದ ಬಾರಿಸಿದಳು.

ಅವನು ಕೆನ್ನೆ ಮುಟ್ಟಿ ನೋಡಿಕೊಳ್ಳಲಿಲ್ಲ. ಕಾರಿನಿಂದ ಒಗೆದ ಟವೆಲ್ ತಂದು, ಸೊಪ್ಪು ಮಾರುತ್ತಿದ್ದ ಹೆಂಗಸನ್ನು ಕರೆದ. "ಅಕ್ಕಾ, ನೀವು ಕಟ್ಟಿ. ನಾನು ಮುಟ್ಟಿದ್ರೆ ಅವ್ರಿಗೆ ಇಷ್ಟ ಆಗಲ್ಲ" ಎಂದ.

ಆ ಹೊತ್ತಿನಲ್ಲಿ ಅದು ಅವಳ ಗಮನಕ್ಕೇ ಬರಲಿಲ್ಲ. 'ಇವನನ್ನು ಸುಮ್ಮನೆ ಬಿಡಬಾರದು' ಎಂಬುದೊಂದೇ ತಲೆಯಲ್ಲಿತ್ತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಕಾಲರ್ ಬೋನ್ ಎರಡು ತುಂಡಾಗಿದೆ. ಸದ್ಯಕ್ಕೆ ಆಪರೇಷನ್ ಬೇಡ. ಆರು ವಾರ ಕೈ ಈ ಸ್ಲಿಂಗ್‌ನಲ್ಲೇ ಇರ್ಬೇಕು, ಆಮೇಲೆ ಎರಡು ವಾರ ಸಣ್ಣಪುಟ್ಟ ವ್ಯಾಯಾಮ. ಅಲ್ಲಿವರೆಗೂ ಆ ಕೈಯಲ್ಲಿ ಒಂದು ಲೋಟ ಕೂಡ ಎತ್ತಬಾರದು."

"ನಾನು ಟೈಲರ್, ಡಾಕ್ಟ್ರೇ..."

"ಹಾಗಿದ್ರೆ ಎಂಟು ವಾರ ನೀವು ಟೈಲರ್ ಅಲ್ಲ."

ನಾಗರತ್ನಾಳಿಗೆ ಅಳು ಬರಲಿಲ್ಲ. ಅಳು ಬರಬೇಕಾದ ಜಾಗದಲ್ಲೆಲ್ಲ ಸಿಟ್ಟು ತುಂಬಿಕೊಂಡಿತ್ತು.

ಯಾದಗಿರಿ ಕಡೆಯಿಂದ ಅವ್ವನ ಜೊತೆ ಬೆಂಗಳೂರಿಗೆ ಬಂದು ಹದಿನೈದು ವರ್ಷ. ಅವ್ವ ಜಟ್ಟೆಮ್ಮ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು ಮಗಳಿಗೆ ಹೊಲಿಗೆ ಕಲಿಸಿದ್ದಳು. ರಾಮಮೂರ್ತಿ ನಗರದ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬ್ಲೌಸ್ ಹೊಲಿಯುವುದು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು. ನಾಗರತ್ನಾಳ ಕುಚ್ಚೆಂದರೆ ಇಂದಿರಾನಗರದವರೂ ಹುಡುಕಿಕೊಂಡು ಬರುತ್ತಿದ್ದರು. ಈಗ ಮದುವೆಗಳ ಕಾಲ. ಕಪಾಟಿನ ತುಂಬ ಒಪ್ಪಿಕೊಂಡ ಸೀರೆಗಳು!

"ಅನ್ನದ ಕೈ ಮುರದಾನಲ್ಲೋ ಭಾಡ್ಯಾ! ಅವನ ಮನಿ ಹಾಳಾಗ!" ಜಟ್ಟೆಮ್ಮ ಆಸ್ಪತ್ರೆಯಲ್ಲೇ ನೆಲಕ್ಕೆ ಕೈಬಡಿದು ಶಪಿಸಿದಳು.

"ಶಾಪ ಯಾಕ ಹಾಕ್ತಿ ಅವ್ವಾ? ನಾನ ನೋಡ್ಕೋತೀನಿ" ಎಂದಳು ಮಗಳು. ಅದೇ ಸಂಜೆ ಪೊಲೀಸ್ ದೂರು ದಾಖಲಾಯಿತು.

ಮೂರನೆಯ ದಿನ ಅವನು ಬಾಗಿಲಲ್ಲಿ ನಿಂತಿದ್ದ. ಹೆಸರು ಮುನೀಂದ್ರ. ಹೊರಮಾವಿನ ಹಳೇ ಊರಿನವನು. ರಾಗಿ ಬೆಳೆಯುತ್ತಿದ್ದ ಹೊಲ ಅಪ್ಪ ಮುನಿರಾಜಪ್ಪನ ಕೈಯಲ್ಲಿರುವಾಗಲೇ ಲೇಔಟಾಗಿ, ಉಳಿದದ್ದು ಒಂದು ಮನೆ, ಒಂದು ಕ್ಯಾಬು.

"ಏನ್ ಬಂದೆ?"

"ಆಸ್ಪತ್ರೆ ಖರ್ಚೆಲ್ಲ ನಾನೇ ನೋಡ್ಕೋತೀನಿ. ಮತ್ತೆ... ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ನಾನು ಸರ್ಕಾರಿ ಬಸ್ಸಿಗೆ ಡ್ರೈವರ್ ಆಗಿ ಸೆಲೆಕ್ಟ್ ಆಗಿದ್ದೀನಿ. ಇನ್ನು ಎರಡು ತಿಂಗಳಿಗೆ ಕಾಗದಪತ್ರ ನೋಡ್ತಾರೆ. ಕೇಸ್ ಇದ್ರೆ ಕೆಲ್ಸ ಇಲ್ಲ. ಎಂಟು ವಾರಕ್ಕೆ ಲೋಕ ಅದಾಲತ್ ಇದೆ. ಅಲ್ಲಿ ನೀವು ರಾಜಿಗೆ ಸೈನ್ ಹಾಕಿದ್ರೆ ಕೇಸ್ ಮುಗಿಯುತ್ತೆ."

"ಓಹೋ! ಅದಕ್ಕೇ ಬಂದಿದ್ದೀಯ."

"ಅದಕ್ಕೂ ಬಂದಿದ್ದೀನಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ."

ನಾಗರತ್ನಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಜುಟ್ಟು ತನ್ನ ಕೈಗೆ ತಾನಾಗಿಯೇ ಬಂದಿತ್ತು!

"ನಿನ್ನ ದುಡ್ಡು ಬೇಡ. ದುಡ್ಡು ಕೊಟ್ಟು ತಪ್ಪು ತೊಳ್ಕೊಳ್ಳೋಕೆ ನಾನು ಬಿಡಲ್ಲ. ದಿನಾ ಮಧ್ಯಾಹ್ನ ಎರಡರಿಂದ ಆರರವರೆಗೆ ಇಲ್ಲಿ ಬಂದು ಕೂತ್ಕೋ. ನನ್ನ ಕೈ ಮುರಿದೆಯಲ್ಲ, ನನ್ನ ಕೈ ಮಾಡೋ ಕೆಲ್ಸ ನೀನು ಮಾಡು. ಕುಚ್ಚು ಕಟ್ಟು. ಎಂಟು ವಾರ. ಒಂದು ದಿನ ತಪ್ಪಿದ್ರೂ ಸೈನ್ ಇಲ್ಲ."

"ಕುಚ್ಚಾ? ನಂಗೆ ಶರ್ಟ್ ಗುಂಡಿ ಹಾಕೋಕೂ ಬರಲ್ಲ ಮೇಡಂ!"

"ಕಲಿ."

ಅವನು ಒಪ್ಪಿಕೊಂಡು ಹೋದ. ಅವಳು ಕನ್ನಡಿಯ ಮುಂದೆ ನಿಂತು ಸ್ಲಿಂಗ್‌ನಲ್ಲಿ ತೂಗುತ್ತಿದ್ದ ತನ್ನ ಕೈಯನ್ನು ನೋಡಿಕೊಂಡಳು.

'ಎಂಟು ವಾರ ಬರಲಿ. ಆಸೆಯಿಂದ ಬರಲಿ. ಕೊನೆಯ ದಿನ ಎಲ್ಲರ ಎದುರು ಆ ಕಾಗದ ಹರಿದು ಅವನ ಮುಖಕ್ಕೆ ಎಸೆಯುತ್ತೇನೆ. ಕೈಗೆ ಬಂದ ಕೆಲಸ ಕಣ್ಣೆದುರೇ ಹೋದರೆ ಹೇಗಿರುತ್ತದೆಂದು ಅವನಿಗೂ ಗೊತ್ತಾಗಲಿ...'

ಸೈನ್ ಹಾಕುವ ಯೋಚನೆ ಅವಳಿಗೆ ಮೊದಲಿನಿಂದಲೂ ಇರಲಿಲ್ಲ.

ಬೇಕೆಂದೇ ಅವನನ್ನು ಬೀದಿಗೆ ಕಾಣುವಂತೆ ಬಾಗಿಲ ಹತ್ತಿರ ಕೂರಿಸಿದಳು. ಮಡಿಲ ತುಂಬ ಗುಲಾಬಿ ಬಣ್ಣದ ಸೀರೆ ಹರಡಿಕೊಂಡು, ಎಳೆಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು, ಅವನು ಬೆವರುತ್ತಿದ್ದ.

ಕುಚ್ಚಿಗೆ ಸೀರೆ ಕೊಡಲು ಬಂದ ಎದುರುಮನೆಯ ಸುಕನ್ಯ ಬಾಯಿಗೆ ಸೆರಗು ಒತ್ತಿಕೊಂಡಳು. "ಏನ್ ನಾಗರತ್ನಾ, ಕುಚ್ಚು ಕಟ್ಟೋಕೆ ಗಂಡಸ್ರನ್ನ ಇಟ್ಕೊಂಡ್ಬಿಟ್ಯಾ?"

"ಗಂಡಸಲ್ಲ ಅಕ್ಕಾ, ಕೈದಿ."

ಬೀದಿಯ ಹೆಂಗಸರೆಲ್ಲ ನಕ್ಕರು. ಮುನೀಂದ್ರನ ಕಿವಿ ಕೆಂಪಾಯಿತು. ಅವಳ ಹೊಟ್ಟೆ ತಣ್ಣಗಾಯಿತು!

ಆದರೆ ಒಂದು ತೊಂದರೆಯಿತ್ತು. ಅವನ ಗಂಟುಗಳು ಸಡಿಲ. ಒಂದು ಕುಚ್ಚು ಉದ್ದ, ಪಕ್ಕದ್ದು ಗಿಡ್ಡ. ಹಾಗೇ ಕೊಟ್ಟರೆ ಹಾಳಾಗುವುದು ಅವನ ಹೆಸರಲ್ಲ, ಅವಳ ಹೆಸರು. ಅವನಿಗೆ ಹೇಳಿಕೊಡಬಹುದಿತ್ತು. ಆದರೆ ಪಕ್ಕದಲ್ಲಿ ಕೂತು, ಬೆರಳು ಹಿಡಿದು ಕಲಿಸಬೇಕಾಗುತ್ತಿತ್ತು. ಥೂ, ಆ ಕೈಗಳನ್ನು ಮುಟ್ಟುವುದೇ?

ಅವನು ಹೋದ ಮೇಲೆ, ಅವ್ವ ಹಾಲಿಗೆಂದು ಹೊರಗೆ ಹೊರಟ ಮೇಲೆ, ನಾಗರತ್ನಾ ಮೆಲ್ಲಗೆ ಸ್ಲಿಂಗ್ ಬಿಚ್ಚುತ್ತಿದ್ದಳು. ಅವನು ನಾಲ್ಕು ತಾಸು ಕಟ್ಟಿದ್ದನ್ನು ಬಿಚ್ಚಿ, ಹಲ್ಲು ಕಚ್ಚಿಕೊಂಡು ಮತ್ತೆ ಕಟ್ಟುತ್ತಿದ್ದಳು. ಪ್ರತಿ ಗಂಟು ಬಿಗಿಯುವಾಗಲೂ ಭುಜದಲ್ಲಿ ಸೂಜಿ ಮುರಿದಂತೆ. ಪ್ರತಿ ನೋವಿಗೂ ಅವನಿಗೊಂದು ಬೈಗುಳ.

ದಿನಾ ಹೀಗೇ ನಡೆಯಿತು.

ಮುನೀಂದ್ರ ಒಂದು ದಿನವೂ ತಪ್ಪಿಸಲಿಲ್ಲ. ಬರುತ್ತಲೇ ನೀರಿನ ಚೊಂಬನ್ನು ಅವಳ ಎಡಗಡೆಗೆ ಸರಿಸಿಡುತ್ತಿದ್ದ. ಮಲಗಿದರೆ ನೋವೆಂದು ಅವಳು ಗೋಡೆಗೊರಗಿ ನಿದ್ದೆ ಮಾಡುವುದನ್ನು ಜಟ್ಟೆಮ್ಮನಿಂದ ಕೇಳಿ, ಮರುದಿನ ಎರಡು ಗಟ್ಟಿ ದಿಂಬು ತಂದಿಟ್ಟ.

"ಈ ಹುಡುಗ ಕೆಟ್ಟಾಂವ ಅಲ್ಲ ಬಿಡ, ನಾಗಿ" ಎಂದಳು ಜಟ್ಟೆಮ್ಮ.

"ಮನಿ ಹಾಳಾಗ ಅಂದಾಕಿ ನೀನ ಅಲ್ಲೇನು?"

"ಅಂದೆ. ಆವಾಗ ಅಂವ ರೊಟ್ಟಿ ಮುರದು ನಿನ್ನ ತಾಟಿಗೆ ಇಡೂದು ನೋಡಿರಲಿಲ್ಲ."

ಎಡಗೈಯಲ್ಲಿ ಜೋಳದ ರೊಟ್ಟಿ ಮುರಿಯಲಾಗದೆ ತಾನು ಪರದಾಡಿದ್ದು, ಅವನು ಬೇರೆಲ್ಲೋ ನೋಡುತ್ತ ತುಂಡು ಮಾಡಿ ಇಟ್ಟದ್ದು ನಾಗರತ್ನಾಳಿಗೂ ನೆನಪಿತ್ತು. ನೆನಪಾದರೆ ಸಿಟ್ಟು ಕರಗುತ್ತದೆ. ಸಿಟ್ಟು ಕರಗಿದರೆ ಮುರಿದ ಕೈಯೊಂದೇ ಉಳಿಯುತ್ತದೆ... ಅದು ಅವಳಿಗೆ ಬೇಡವಾಗಿತ್ತು.

ನಾಲ್ಕನೆಯ ವಾರ ಅವನೇ ಕ್ಯಾಬ್‌ನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಸ ಎಕ್ಸ್‌ರೇ ನೋಡಿ ಡಾಕ್ಟರ ಹುಬ್ಬು ಗಂಟಿಕ್ಕಿತು.

"ಇಷ್ಟೊತ್ತಿಗೆ ಮೂಳೆ ಕೂಡೋಕೆ ಶುರುವಾಗ್ಬೇಕಿತ್ತು. ಇಲ್ಲಿ ಏನೂ ಕಾಣ್ತಿಲ್ಲ. ಕೈ ಅಲ್ಲಾಡಿಸಿದ್ರಾ? ಸ್ಲಿಂಗ್ ಬಿಚ್ಚಿದ್ರಾ?"

ನಾಗರತ್ನಾ ಸ್ಲಿಂಗ್‌ನ ಪಟ್ಟಿ ಸರಿಮಾಡಿಕೊಂಡಳು. ನಿಜ ಹೇಳಿದರೆ ತಪ್ಪು ತನ್ನದಾಗುತ್ತದೆ. ಈ ಕೈಗೆ ಏನೇ ಆದರೂ ಆ ತಪ್ಪು ಅವನದೇ ಆಗಿರಬೇಕು!

"ಇವನೇ ಡಾಕ್ಟ್ರೇ. ಸೀರೆ ಎಳೆಯುವಾಗ ನನ್ನ ಕೈ ಜಗ್ಗಿಬಿಟ್ಟ."

ಮುನೀಂದ್ರ ಅವಳ ಕಡೆ ತಿರುಗಿದ. ಅವಳು ಗೋಡೆ ನೋಡಿದಳು.

"ಹೌದು ಡಾಕ್ಟ್ರೇ" ಎಂದ ಅವನು ಮೆಲ್ಲಗೆ. "ನಾನೇ."

"ಏನ್ರೀ ನೀವು! ಇನ್ನೊಂದು ತಿಂಗಳು ನೋಡೋಣ. ಆಗಲೂ ಕೂಡದಿದ್ರೆ ಪ್ಲೇಟ್ ಹಾಕ್ಬೇಕಾಗುತ್ತೆ. ಕೈ ಮೊದಲಿನ ಹಾಗೆ ಮೇಲೆ ಏಳದೇನೂ ಇರಬಹುದು."

ಕಾರಿನಲ್ಲಿ ವಾಪಸು ಹೊರಟರು. ರಸ್ತೆಯ ಗುಂಡಿ ಬಂದಾಗಲೆಲ್ಲ ಅವನು ಕಾರನ್ನು ನಡಿಗೆಗಿಂತ ನಿಧಾನ ಮಾಡುತ್ತಿದ್ದ. ಹಿಂದಿನವರು ಬೈಯುತ್ತಿದ್ದರು.

'ಯಾಕೆ ಒಪ್ಪಿಕೊಂಡ? ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡ?' ಉತ್ತರ ಅವಳೇ ಹುಡುಕಿಕೊಂಡಳು. 'ಸೈನ್‌ಗಾಗಿ. ಇನ್ನೇನಕ್ಕೆ?'

ಆ ಉತ್ತರದಿಂದ ಯಾಕೋ ನೆಮ್ಮದಿಯಾಗಲಿಲ್ಲ.

ಆಮೇಲೊಂದು ವಿಚಿತ್ರ ನಡೆಯಿತು. ಎರಡೇ ದಿನದಲ್ಲಿ ಮುನೀಂದ್ರನ ಕುಚ್ಚು ಸುಧಾರಿಸಿತು. ಐದನೆಯ ದಿನ ಸಂಜೆ ಬಿಚ್ಚಬೇಕೆಂದು ಕೂತ ನಾಗರತ್ನಾಳಿಗೆ ಬಿಚ್ಚಲು ಒಂದು ಗಂಟೂ ಸಿಗಲಿಲ್ಲ. ಎಲ್ಲ ಒಂದೇ ಅಳತೆ. ಗಟ್ಟಿ, ನುಣುಪು.

"ಯಾರು ಹೇಳಿಕೊಟ್ರು?" ಮರುದಿನ ಗದರಿದಳು.

"ಶಿವಾಜಿನಗರದ ಗುಲ್ಷನ್ ಆಪಾ. ನೀವು ದಾರ ತರೋಕೆ ಕಳಿಸ್ತೀರಲ್ಲ, ಅವ್ರೇ. ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ಹೋಗಿ ಕೂತ್ಕೋತೀನಿ. ಬೆರಳಿನ ಮೇಲೆ ಸ್ಕೇಲ್‌ನಲ್ಲಿ ಹೊಡೀತಾರೆ, ರೀ!"

ಅವಳಿಗೆ ನಗು ಬಂತು. ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದಳು. ಕೆಮ್ಮಿದ್ದಕ್ಕೆ ಭುಜ ನೋಯಿತು. "ಅಯ್ಯೋ, ನೋವಾಯ್ತಾ?" ಎಂದು ಅವನು ಎದ್ದೇ ನಿಂತ.

ಸ್ಲಿಂಗ್ ಬಿಚ್ಚುವ ಕಾರಣವೇ ಇಲ್ಲವಾಯಿತು. ಸಂಜೆಗಳು ಖಾಲಿಯಾದವು. ಆ ಖಾಲಿ ಹೊತ್ತಿನಲ್ಲಿ ನಾಳೆ ಮಧ್ಯಾಹ್ನ ಎರಡು ಗಂಟೆ ಯಾವಾಗಾದೀತೆಂದು ತಾನು ಕಾಯುತ್ತಿರುವುದು ಅವಳಿಗೇ ತಿಳಿಯಿತು. ತಿಳಿದು ತನ್ನ ಮೇಲೇ ರೇಗಿಕೊಂಡಳು.

'ಕಾಗದ ಹರಿಯುವ ದಿನ ಹತ್ತಿರ ಬರುತ್ತಿದೆ, ಅದಕ್ಕೇ ಈ ಕಾತರ...'

ಸುಳ್ಳು. ಎಂಥ ಸುಳ್ಳು!

ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಮುರಿದ ಎರಡು ತುದಿಗಳ ನಡುವೆ ಮಂಜಿನಂತೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. "ಕೂಡ್ತಾ ಇದೆ! ತಡವಾದ್ರೂ ಪರವಾಗಿಲ್ಲ. ಪ್ಲೇಟ್ ಬೇಡ. ಇನ್ನೊಂದು ತಿಂಗಳು ಹುಷಾರು" ಎಂದರು ಡಾಕ್ಟರು. ನಾಗರತ್ನಾ ತಿರುಗಿ ನೋಡಿದಳು. ಮುನೀಂದ್ರ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ.

ಅವಳ ಒಳಗೆ ಎಂಟು ವಾರ ಬಿಗಿದು ಕಟ್ಟಿದ್ದೇನೋ ಬಿಚ್ಚಿಹೋಯಿತು.

'ಸೈನ್ ಹಾಕ್ತೀನಿ. ಶನಿವಾರ ಲೋಕ ಅದಾಲತ್‌ಗೆ ಹೋಗಿ ಸೈನ್ ಹಾಕ್ತೀನಿ. ಎಡಗೈಯಲ್ಲಾದರೂ ಸರಿ!'

ಗುರುವಾರ ಬೆಳಿಗ್ಗೆ ಗುಲ್ಷನ್ ಆಪಾ ರೋಗಿಯನ್ನು ನೋಡಲು ಬಿರಿಯಾನಿ ಡಬ್ಬಿ ಹಿಡಿದು ಬಂದಳು. ನಾಗರತ್ನಾ ನಾಚುತ್ತ ವಿಷಯ ಹೇಳಿದಳು. "ಆಪಾ, ನಿಮ್ಮ ತಮ್ಮ ಆಸಿಮ್ ಅಣ್ಣ ಕೋರ್ಟಲ್ಲೇ ಬರವಣಿಗೆ ಕೆಲ್ಸ ಮಾಡೋದಲ್ವಾ? ರಾಜಿ ಕಾಗದ ಬರೆಸಿಕೊಡ್ತಾರಾ?"

ಗುಲ್ಷನ್ ಕಣ್ಣರಳಿಸಿದಳು. "ಕೌನ್ಸಾ ರಾಜಿ, ಬೇಟಿ? ಯಾವ ರಾಜಿ? ಆ ಕೇಸ್ ಮುಗ್ದು ಮೂರು ವಾರ ಆಯ್ತಲ್ಲ! ಹುಡ್ಗ ತಾನೇ ಜಡ್ಜ್ ಮುಂದೆ ನಿಂತು ತಪ್ಪು ನಂದೇ ಅಂದ್ಬಿಟ್ಟ. ಬೇಡಪ್ಪಾ, ನೌಕರಿ ಹೋಗುತ್ತೆ ಅಂತ ನಮ್ಮ ಆಸಿಮ್ ಎಷ್ಟು ಹೇಳ್ದ! ಕೇಳ್ಲಿಲ್ಲ. ದಂಡ ಕಟ್ಟಿ ಬಂದ. ನಿಂಗೆ ಹೇಳ್ಲಿಲ್ವಾ?"

ನಾಗರತ್ನಾ ಬಿರಿಯಾನಿ ಡಬ್ಬಿ ಕೆಳಗಿಟ್ಟಳು.

ಮೂರು ವಾರ! ಮೂರು ವಾರದಿಂದ ಅವನಿಗೆ ಅವಳ ಸೈನ್ ಬೇಕಿರಲಿಲ್ಲ. ಬಸ್ಸಿನ ಕೆಲಸ ಆಗಲೇ ಹೋಗಿತ್ತು. ಆದರೂ ದಿನಾ ಎರಡು ಗಂಟೆಗೆ ಬಂದು, ಬಾಗಿಲಲ್ಲಿ ಕೂತು, ಬೀದಿಯವರ ನಗು ಕೇಳಿಸಿಕೊಂಡು...

ಮತ್ತೆ ಆ ಸುಳ್ಳು. ಆಸ್ಪತ್ರೆಯಲ್ಲಿ ಅವಳು ಹೇಳಿದ ಸುಳ್ಳು. ಅದಾದ ಮರುವಾರವೇ ಅವನು ಕೋರ್ಟಿಗೆ ಹೋಗಿದ್ದು!

"ಎಲ್ಲಿ ಹೊಂಟಿ? ಅನ್ನಾರ ತಿಂದು ಹೋಗ!" ಜಟ್ಟೆಮ್ಮ ಕೂಗುತ್ತಲೇ ಇದ್ದಳು.

ಕೆ.ಆರ್. ಪುರ ರೈಲ್ವೆ ಸ್ಟೇಷನ್ನಿನ ಹೊರಗೆ ಕ್ಯಾಬುಗಳ ಸಾಲು. ಬೆಳಗಿನ ಹೊತ್ತು ಅವನು ಗಾಡಿ ನಿಲ್ಲಿಸುತ್ತಿದ್ದದ್ದು ಅಲ್ಲೇ. ಮುನೀಂದ್ರ ಮರದ ನೆರಳಲ್ಲಿ ಗಾಡಿಯ ಗಾಜು ಒರೆಸುತ್ತಿದ್ದ. ಸ್ಲಿಂಗ್ ಹಾಕಿಕೊಂಡು ಜನರ ನಡುವೆ ನುಗ್ಗಿ ಬರುತ್ತಿದ್ದವಳನ್ನು ಕಂಡು ಬಟ್ಟೆ ಬಿಸಾಡಿ ಓಡಿದ.

"ಬಸ್ಸಲ್ಲಿ ಬಂದ್ರಾ? ಯಾರಾದ್ರೂ ಭುಜಕ್ಕೆ ಗುದ್ದಿದ್ರೆ ಏನ್ ಗತಿ, ರೀ?"

"ಮುಚ್ಚು ಬಾಯಿ! ಕೋರ್ಟಲ್ಲಿ ಏನ್ ಹೇಳ್ಬಂದೆ?"

ಜನ ಅವಳ ಭುಜಕ್ಕೆ ತಾಗದಂತೆ ಅವನು ಅಡ್ಡ ನಿಂತ.

"ನೀನು ನನ್ನ ಕೈ ಜಗ್ಗಲಿಲ್ಲ." ಅವಳ ದನಿ ಒಡೆಯಿತು. "ದಿನಾ ಸಂಜೆ ನಾನೇ ಸ್ಲಿಂಗ್ ಬಿಚ್ಚಿ ನಿನ್ನ ಕುಚ್ಚೆಲ್ಲ ಮತ್ತೆ ಕಟ್ತಿದ್ದೆ. ಅದಕ್ಕೇ ಮೂಳೆ ಕೂಡಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಸುಳ್ಳು ಹೇಳ್ದೆ..."

"ಗೊತ್ತು."

"ಏನ್ ಗೊತ್ತು?"

"ನಾನು ಕಟ್ಟಿದ್ದು ಹೇಗಿರುತ್ತೆ ಅಂತ ನಂಗೆ ಗೊತ್ತಿರಲ್ವಾ? ಸಂಜೆ ಕೋತಿ ಬಾಲ ಇದ್ದಿದ್ದು ಮರುದಿನ ಮಲ್ಲಿಗೆ ಮೊಗ್ಗಾಗಿರ್ತಿತ್ತು. ಜಟ್ಟೆಮ್ಮ ಅವ್ರಿಗೆ ದಾರದ ಎಳೆ ಕಣ್ಣಿಗೆ ಕಾಣಲ್ಲ. ಇನ್ಯಾರು ಕಟ್ತಾರೆ? ಮೊದ್ಲೇ ಕಲೀಬೇಕಿತ್ತು. ಆ ಎಕ್ಸ್‌ರೇ ನೋಡೋವರೆಗೂ ಬುದ್ಧಿ ಬರ್ಲಿಲ್ಲ."

"ಗೊತ್ತಿದ್ದೂ ಡಾಕ್ಟ್ರ ಮುಂದೆ ಒಪ್ಪಿಕೊಂಡ್ಯಾ? ಗೊತ್ತಿದ್ದೂ ಕೋರ್ಟಿಗೆ ಹೋದ್ಯಾ? ಯಾಕೆ?"

ಪ್ಲಾಟ್‌ಫಾರ್ಮಿನಲ್ಲಿ ಯಾವುದೋ ರೈಲು ಬಂದು ನಿಂತಿತು.

"ಬಾಗಿಲು ತೆಗೆದಿದ್ದು ನಾನೇ ಅಲ್ವಾ? ಅದಂತೂ ಸುಳ್ಳಲ್ಲ. ಆಮೇಲೆ... ದಿನಾ ನಿಮ್ಮನೆಗೆ ಬರ್ತಾ ಬರ್ತಾ ನಂಗೇ ನನ್ನ ಮೇಲೆ ಅನುಮಾನ ಬಂತು. ನಾನು ಬರೋದು ಸೈನ್‌ಗೋಸ್ಕರಾನಾ, ನಿಮಗೋಸ್ಕರಾನಾ? ಆ ಸೈನ್ ಆಸೆ ಇರೋವರೆಗೂ ನೀವೂ ನಂಬಲ್ಲ, ನಾನೂ ನಂಬಲ್ಲ. ಅದಕ್ಕೆ ಅದನ್ನ ಇಲ್ಲದ ಹಾಗೆ ಮಾಡ್ಬಿಟ್ಟೆ. ಮರುದಿನ ಎರಡು ಗಂಟೆ ಆಯ್ತು. ನೋಡಿದ್ರೆ... ಕಾಲು ನಿಮ್ಮನೆ ಕಡೆಗೇ ಹೋಗ್ತಿತ್ತು."

ನಾಗರತ್ನಾಳ ಕಣ್ಣಲ್ಲಿ ಎಂಟು ವಾರದ ನೀರು ಒಮ್ಮೆಲೇ ನುಗ್ಗಿತು. ಆದರೆ ಬಾಯಿಂದ ಬಂದದ್ದು ಸಿಟ್ಟೇ!

"ನಿನ್ನ ಕ್ಷಮಿಸ್ಬೇಕು ಅಂತ ನಿನ್ನೆಯಷ್ಟೇ ಮನಸ್ಸು ಮಾಡಿದ್ದೆ ಕಣೋ! ಕ್ಷಮಿಸೋದು ನನ್ನ ಹಕ್ಕಾಗಿತ್ತು. ಕೈ ಮುರಿದೆ, ಈಗ ಅದನ್ನೂ ಕಿತ್ಕೊಂಡೆ! ನಿನ್ನ ಬಸ್ಸಿನ ಕೆಲ್ಸ ವಾಪಸ್ ಕೊಡೋಕೆ ನನ್ನಿಂದ ಆಗುತ್ತಾ ಈಗ?"

"ಕ್ಯಾಬ್ ಇದೆ ಬಿಡಿ. ಊಟಕ್ಕೇನೂ ತೊಂದ್ರೆ ಇಲ್ಲ." ಅವನು ತಡೆದು ಕೇಳಿದ, "ಕೈ ಎಷ್ಟು ಏಳುತ್ತೆ ಈಗ? ಡಾಕ್ಟ್ರು ದಿನಾ ಸ್ವಲ್ಪ ಸ್ವಲ್ಪ ಎತ್ತಿ ಅಂದಿದ್ರಲ್ಲ."

ಅವಳು ಸ್ಲಿಂಗ್‌ನಿಂದ ಕೈ ಹೊರತೆಗೆದಳು. ನಿಧಾನವಾಗಿ ಎತ್ತಿದಳು. ಎದೆಯ ಮಟ್ಟಕ್ಕೆ ಬಂತು. ಇನ್ನೂ ಒಂದು ಗೇಣು... ಅಲ್ಲಿಗೆ ನಿಂತಿತು. ಅವನು ಸಹಾಯಕ್ಕೆ ಕೈ ಚಾಚಲಿಲ್ಲ. ಉಸಿರು ಬಿಗಿಹಿಡಿದು ಕಾದ, ಅಷ್ಟೆ. ಕೊನೆಗೆ ಅವಳ ಬೆರಳುಗಳು ತಾವಾಗಿ ಅವನ ಅಂಗಿಯ ಜೇಬಿನ ಮೇಲೆ ಬಂದು ನಿಂತವು.

"ಇಷ್ಟೇ ಬರೋದು" ಎಂದಳು, ಸೋತ ದನಿಯಲ್ಲಿ. "ಇನ್ನೂ ತಿಂಗಳುಗಟ್ಟಲೆ ಬೇಕಂತೆ. ಮೂಳೆ ಕೂಡಿದ ಜಾಗದಲ್ಲಿ ಉಬ್ಬು ಉಳಿಯುತ್ತಂತೆ. ಅದು ಯಾವತ್ತಿಗೂ ಹೋಗಲ್ವಂತೆ."

"ಯಾವತ್ತಿಗೂ?"

"ಯಾವತ್ತಿಗೂ. ಅದು ಇರೋವರೆಗೂ ನಿನ್ನ ನಾನು ಕ್ಷಮಿಸಲ್ಲ. ದಿನಾ ಬೈತೀನಿ."

ಜೇಬಿನ ಮೇಲಿದ್ದ ಅವಳ ಕೈಯ ಭಾರಕ್ಕೆ ಅವನು ಕೆಳಗಿನಿಂದ ತನ್ನ ಅಂಗೈಯ ಆಸರೆ ಕೊಟ್ಟ. ಹೂವು ಹಿಡಿದಷ್ಟು ಹಗುರವಾಗಿ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಅಷ್ಟು ವರ್ಷ ಬೈಸ್ಕೊಳ್ಳೋಕೆ ನಾನು ಎಲ್ಲಿ ಬಂದು ಕೂತ್ಕೊಳ್ಳಲಿ, ನಾಗರತ್ನಾ?"

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ.

"ಇವತ್ತೇ ನಿಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಬಂದು ನಮ್ಮವ್ವನ್ನ ಕೇಳು" ಎಂದಳು, ಅಳುತ್ತಲೇ ಹುಬ್ಬು ಗಂಟಿಕ್ಕಿ. "ತಡ ಮಾಡಿದ್ರೆ ಅದಕ್ಕೆ ಬೇರೆ ಬೈಗುಳ."

"ಎರಡು ಗಂಟೆಗೆ ಬರ್ಲಾ?"

"ಈಗ್ಲೇ ಬಾ."